ಕಿವಿ ಮಂದವಾದರೆ ಅರಳುಮರಳು ಎನ್ನಬೇಡಿ

ಮಾನ್ಯ ಸಂಪಾದಕರೇ,

ಅರವತ್ತು ದಾಟಿದವರು ಕೇಳಿದ್ದಕ್ಕೆ ಬೇರೇನೋ ಉತ್ತರ ಕೊಟ್ಟರೆ ‘ಅಜ್ಜಾಗ ಅರಳುಮರಳು ಆಗೈತಿ’ ಎನ್ನುವುದು ನಮ್ಮ ವಿಜಯಪುರದ ಕಡೆ ಸಾಮಾನ್ಯ. ಎಷ್ಟೋ ಸಲ ಮಂದವಾಗಿರುವುದು ಬುದ್ಧಿಯಲ್ಲ, ಕಿವಿ. ವಯಸ್ಸಾದಂತೆ ಒಳಗಿವಿಯಲ್ಲಿ ಸದ್ದು ಹಿಡಿಯುವ ರೋಮಕೋಶಗಳು ನಶಿಸಿ, ಮೊದಲು ಕೀಚಲು ಸದ್ದುಗಳು ಹೋಗುತ್ತವೆ. ಸ, ಶ, ತ, ಕ ಮಸುಕಾಗಿ ಅ, ಆ, ಓ ಥರದ ಸ್ವರಗಳೇ ಹೆಚ್ಚಾಗಿ ಉಳಿಯುತ್ತವೆ. ‘ಸಾಲ’ ಎಂದದ್ದು ‘ಹಾಲ’ ಎಂದು ಕೇಳಿಸಬಹುದು. ಅದಕ್ಕೇ ಅವರು ‘ಕೇಳತೈತಿ, ತಿಳಿಯಂಗಿಲ್ಲ’ ಎನ್ನುತ್ತಾರೆ. ಚೀರಿದರೆ ಸ್ವರಗಳೇ ಇನ್ನಷ್ಟು ಜೋರಾಗುತ್ತವೆ, ಅಷ್ಟೇ. ಟಿವಿ ಆರಿಸಿ, ಮೂರ್ನಾಲ್ಕು ಅಡಿ ದೂರದಲ್ಲಿ, ನಿಮ್ಮ ಮುಖಕ್ಕೆ ಬೆಳಕು ಬೀಳುವಂತೆ ಎದುರು ಕೂತು ನಿಧಾನವಾಗಿ ಹೇಳಿ. ತಿಳಿಯದಿದ್ದರೆ ಅದೇ ಶಬ್ದ ಬಿಟ್ಟು ಬೇರೆ ಮಾತಿನಲ್ಲಿ ಹೇಳಿ.

ಗುಗ್ಗೆ ಗಟ್ಟಿಯಾದರೂ ಕೇಳಿಸದು. ಕಡ್ಡಿ, ಪಿನ್ನು ಹಾಕದೆ ವೈದ್ಯರಿಗೆ ತೋರಿಸಿ, ಶ್ರವಣ ಪರೀಕ್ಷೆ ಮಾಡಿಸಿ. ಕಿವಿಯ ಮಷೀನು ತಂದ ವಾರದಲ್ಲೇ ಟ್ರಂಕು ಸೇರುವುದು ನೋವಿನ ಸಂಗತಿ. ಹೊಸ ಸದ್ದು ಮಿದುಳಿಗೆ ರೂಢಿಯಾಗಲು ಕೆಲವು ವಾರ ಬೇಕು. ಮೊದಲು ಮನೆಯೊಳಗೆ ದಿನಕ್ಕೆ ಒಂದೆರಡು ತಾಸು ಹಾಕಲಿ. ಕೇಳದವರು ಮೊದಲು ಬಿಡುವುದು ಗುಡಿಕಟ್ಟೆಯ ಹರಟೆ, ಆ ಒಂಟಿತನ ಮನಸ್ಸನ್ನೂ ಕುಗ್ಗಿಸುತ್ತದೆ.

ಒಂದು ಕಿವಿ ಒಮ್ಮೆಲೇ ಕೇಳದಾದರೆ ಮಾತ್ರ ವಯಸ್ಸಿನ ಮೇಲೆ ಹಾಕಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

– ಓದುಗರು, ವಿಜಯಪುರ