ಬಣ್ಣದ ಕೆಲಸ ದಸರೆಯ ಬಳಿಕ

ಮಿತ್ರರೇ, ಕದ್ರಿಯ ಶೆಡ್ಡಿನಲ್ಲಿ ಈ ಭಾನುವಾರ ಇಟ್ಟುಕೊಂಡಿದ್ದ, ಕಾರಿನ ಒಳಗಿನ ಪ್ಲಾಸ್ಟಿಕ್ ಭಾಗಗಳಿಗೆ ಬಣ್ಣ ಹೊಡೆಯುವ ಕೆಲಸ ಮುಂದಕ್ಕೆ ಹೋಗಿದೆ. ಮಂಗಳೂರಿನ ಈ ಮಳೆಯ ತೇವದಲ್ಲಿ ಲ್ಯಾಕರ್ (ಬೇಗ ಒಣಗುವ ಹೊಳಪಿನ ಲೇಪ) ಹೊಡೆದರೆ ಮಜ್ಜಿಗೆ ಚೆಲ್ಲಿದಂತೆ ಬೆಳ್ಳಗಾಗುತ್ತದೆ. ನನ್ನ ಸ್ಪೋರ್ಟ್ಸ್ ಕಾರಿನ ಗೇರ್ ಸುತ್ತಲಿನ ಪಟ್ಟಿ ಹಾಗೆಯೇ ಕೆಟ್ಟಿತು. ಅಷ್ಟರೊಳಗೆ ಬಿಚ್ಚಿದ ಪ್ಲಾಸ್ಟಿಕ್ ಭಾಗಗಳನ್ನು ಸೋಪುನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಡ್ಯಾಶ್‌ಬೋರ್ಡಿಗೆ ಬಳಿಯುವ ಸಿಲಿಕೋನ್ ಪಾಲಿಶ್ ಲವಲೇಶ ಉಳಿದರೂ ಬಣ್ಣದಲ್ಲಿ ಗುಳಿ ಬೀಳುತ್ತದೆ. ಆಮೇಲೆ 400, ಬಳಿಕ 800 ನಂಬರಿನ ವಾಟರ್ ಪೇಪರ್‌ನಿಂದ (ನೀರು ಹಾಕಿ ಉಜ್ಜುವ ಮರಳು ಕಾಗದ) ಉಜ್ಜಿಡಿ. ಪ್ಲಾಸ್ಟಿಕ್‌ಗೆಂದೇ ಸಿಗುವ ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ಲೇಪ) ನಾನು ತರುತ್ತೇನೆ.

ಮರದ ಹೊದಿಕೆ ಬೇಕಾದವರು ತೇಗದ ವೆನೀರ್ (ಅಂಟಿಸುವ ತೆಳುವಾದ ಮರದ ಹಾಳೆ) ತನ್ನಿ. ಒಂದೆರಡು ಪಟ್ಟಿಗಷ್ಟೇ ಸಾಕು. ಎಲ್ಲೆಡೆ ಅಂಟಿಸಿದರೆ ಕಾರು ಅಜ್ಜನ ಕಪಾಟಿನಂತೆ ಕಾಣುತ್ತದೆ. ಏರ್‌ಬ್ಯಾಗಿನ ಮುಚ್ಚಳಕ್ಕೆ ಮಾತ್ರ ಬಣ್ಣವೂ ಬೇಡ, ಮರವೂ ಬೇಡ. ಏರ್‌ಬ್ಯಾಗ್ ಸಿಡಿದಾಗ ಚೂರುಗಳು ಮುಖಕ್ಕೇ ಹಾರುತ್ತವೆ. ಬರುವವರು ಇಲ್ಲಿಯೇ ತಿಳಿಸಿ.