ಗೆಳೆಯನಿಗೊಂದು ಪತ್ರ: ನಿನ್ನ ಹತ್ತಿರ ಇರುವುದು ಯಾವ ಕಾಫ್ಕಾ?

ಪ್ರೀತಿಯ ಗೆಳೆಯಾ,

ನಿನ್ನ ಮೇಲ್ ಓದಿದೆ. ಪ್ರಾಗ್‌ನಲ್ಲಿದ್ದು ಜರ್ಮನ್‌ನಲ್ಲಿ ಬರೆದ ಕಾಫ್ಕಾನ 'ದಿ ಟ್ರಯಲ್' ಕಾದಂಬರಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಆಸೆ ಇದೆ, ಜರ್ಮನ್ ಬಾರದವನು ಇದಕ್ಕೆ ಕೈ ಹಾಕಬಹುದಾ ಅಂತ ಕೇಳಿದ್ದೀಯ. ಧಾರಾಳವಾಗಿ ಹಾಕಬಹುದು ಮಾರಾಯ. ಟಾಲ್‌ಸ್ಟಾಯ್, ಚೆಕಾವ್ ಎಲ್ಲ ನಮಗೆ ಬಂದದ್ದು ಬಹುಪಾಲು ಇಂಗ್ಲಿಷಿನ ಮೂಲಕವೇ ಅಲ್ವಾ? ಆದರೆ ನೀನು ಕೇಳಬೇಕಿದ್ದ ಪ್ರಶ್ನೆ ಬೇರೆ. ನಿನ್ನ ಹತ್ತಿರ ಇರುವುದು ಯಾವ 'ಟ್ರಯಲ್'?

ತಮಾಷೆಗೆ ಕೇಳುತ್ತಿಲ್ಲ. ಪುಸ್ತಕ ತೆಗೆದು ಪರಿವಿಡಿ ನೋಡು. ನಾಲ್ಕನೇ ಅಧ್ಯಾಯ ಬ್ಯೂರ್‌ಸ್ಟ್ನರ್ ಎಂಬ ಹುಡುಗಿಯ ಗೆಳತಿಯ ಬಗ್ಗೆ ಇದ್ದರೆ ಅದು ಕಾಫ್ಕಾನ ಗೆಳೆಯ ಮಾಕ್ಸ್ ಬ್ರೋಡ್ ಜೋಡಿಸಿದ ಕಾದಂಬರಿ. ಆ ಗೆಳತಿ ಪುಸ್ತಕದ ಕೊನೆಗೆ, ಅಪೂರ್ಣ ಭಾಗಗಳ ಸಾಲಿಗೆ ಹೋಗಿದ್ದರೆ ಅದು ವಿದ್ವಾಂಸ ಮಾಲ್ಕಂ ಪ್ಯಾಸ್ಲಿ ಹಸ್ತಪ್ರತಿ ನೋಡಿ ಸಿದ್ಧಪಡಿಸಿದ ಪಾಠದಿಂದ, ಅಂದರೆ ಪಠ್ಯದಿಂದ, ಬಂದದ್ದು. ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುವ ಇಂಗ್ಲಿಷ್ ಅನುವಾದದಲ್ಲಿ ಗೆಳತಿ ನಾಲ್ಕನೇ ಅಧ್ಯಾಯದಲ್ಲೇ ಇದ್ದಾಳೆ. ನೀನು ಇಳಿಸಿಕೊಂಡಿರುವುದು ಅದೇ ಇರಬೇಕು ಅಂತ ನನ್ನ ಊಹೆ.

ನಿನಗೆ ಎಂ.ಎ.ಯಲ್ಲಿ ಗ್ರಂಥಸಂಪಾದನೆ ಪೇಪರ್ ಇತ್ತಲ್ಲ, ಹಸ್ತಪ್ರತಿಗಳನ್ನು ಹೋಲಿಸಿ ಮೂಲ ಪಠ್ಯ ಕಂಡುಕೊಳ್ಳುವ ವಿದ್ಯೆ. ಡಿ.ಎಲ್. ನರಸಿಂಹಾಚಾರ್ ಅವರ ಪುಸ್ತಕ ಹಿಡಿದುಕೊಂಡು ಪಾಠಾಂತರ, ಮೂಲಪಾಠ, ಲಿಪಿಕಾರನ ತಪ್ಪು ಅಂತೆಲ್ಲ ಗೊಣಗುತ್ತಿದ್ದೆ. ಓಲೆಗರಿ ಕಾಲದ ಕೆಲಸ ಅದು, ಇಪ್ಪತ್ತನೇ ಶತಮಾನದ ಲೇಖಕನಿಗೆ ಯಾಕೆ ಬೇಕು ಅಂತ ಅನ್ನಿಸಬಹುದು. ಕಾಫ್ಕಾನಿಗೆ ಬೇಕೇ ಬೇಕು. ಕಾರಣ ಹೇಳ್ತೀನಿ ಕೇಳು.

ಅವನು ಈ ಕಾದಂಬರಿ ಶುರು ಮಾಡಿದ್ದು 1914ರ ಆಗಸ್ಟ್‌ನಲ್ಲಿ, ಆಗಷ್ಟೇ ಮಹಾಯುದ್ಧ ಹತ್ತಿಕೊಂಡಿತ್ತು. ಕೈಬಿಟ್ಟದ್ದು 1915ರ ಜನವರಿಯಲ್ಲಿ. ಮೊದಲ ಅಧ್ಯಾಯವನ್ನೂ ಕೊನೆಯ ಅಧ್ಯಾಯವನ್ನೂ ಆರಂಭದಲ್ಲೇ ಬರೆದುಬಿಟ್ಟ. ನಾಯಕನ ಬಂಧನವೂ ಸಾವೂ ರೆಡಿ, ನಡುವೆ ತುಂಬಬೇಕು, ಅಷ್ಟೆ. ತುಂಬಲು ಆಗಲಿಲ್ಲ. ಬೇರೆ ಬೇರೆ ನೋಟ್‌ಬುಕ್‌ಗಳಲ್ಲಿ ಬೇರೆ ಬೇರೆ ಅಧ್ಯಾಯ ಬರೆಯುತ್ತಾ ಹೋದ. ಆಮೇಲೆ ಆ ನೋಟ್‌ಬುಕ್‌ಗಳಿಂದ ಹಾಳೆ ಹರಿದು, ಅಧ್ಯಾಯಕ್ಕೊಂದರಂತೆ ಕಟ್ಟು ಮಾಡಿಟ್ಟ. ಒಟ್ಟು 161 ಹಾಳೆ, 16 ಕಟ್ಟು. ಕೆಲವು ಮುಗಿದ ಅಧ್ಯಾಯ, ಕೆಲವು ಅರ್ಧಕ್ಕೆ ನಿಂತವು. ಯಾವುದು ಮೊದಲು, ಯಾವುದು ಆಮೇಲೆ ಅಂತ ಒಂದು ಅಂಕಿಯನ್ನೂ ಹಾಕಲಿಲ್ಲ. 1924ರ ಜೂನ್‌ನಲ್ಲಿ ತೀರಿಕೊಂಡ.

ತಾನು ಸತ್ತ ಮೇಲೆ ಎಲ್ಲ ಸುಟ್ಟುಹಾಕು ಅಂತ ಕಾಫ್ಕಾ ಬ್ರೋಡ್‌ಗೆ ಅಂದದ್ದು, ಬ್ರೋಡ್ ಸುಡದೇ ಇದ್ದದ್ದು ನಿನಗೆ ಗೊತ್ತಿರುವ ಕಥೆ, ಬಿಡು. ಅದಕ್ಕಿಂತ ಮುಖ್ಯವಾದದ್ದು, ಸುಡದೆ ಉಳಿಸಿಕೊಂಡ ಮೇಲೆ ಅವನು ಏನು ಮಾಡಿದ ಅನ್ನುವುದು. 1925ರಲ್ಲಿ ಬರ್ಲಿನ್‌ನಲ್ಲಿ ಪುಸ್ತಕ ಬಂತು. ಕಟ್ಟುಗಳನ್ನು ತನಗೆ ಸರಿ ಕಂಡ ಕ್ರಮದಲ್ಲಿ ಜೋಡಿಸಿದ. ಅರ್ಧಕ್ಕೆ ನಿಂತವುಗಳಲ್ಲಿ ಹೆಚ್ಚಿನವನ್ನು ಆಚೆ ಇಟ್ಟ. ಬ್ಯೂರ್‌ಸ್ಟ್ನರ್ ಹುಡುಗಿಯನ್ನು ಕಾಫ್ಕಾ ಬರೀ ಎಫ್.ಬಿ. ಅಂತ ಬರೆದ ಕಡೆ ಪೂರ್ತಿ ಹೆಸರು ತುಂಬಿದ. ಅಲ್ಪವಿರಾಮ ಹಾಕಿಕೊಂಡು ಓಡುತ್ತಿದ್ದ ವಾಕ್ಯಗಳನ್ನು ಅಲ್ಲಲ್ಲಿ ನಿಲ್ಲಿಸಿ ಸರಿಪಡಿಸಿದ. ಮರುವರ್ಷ ಬಂದ 'ದಿ ಕ್ಯಾಸಲ್' ಕಾದಂಬರಿಯಲ್ಲಂತೂ ಇನ್ನೂ ಧೈರ್ಯ ಮಾಡಿದ. ಹಸ್ತಪ್ರತಿ ವಾಕ್ಯದ ನಡುವೆಯೇ ನಿಂತುಹೋಗುತ್ತದೆ. ಬ್ರೋಡ್ ಆ ಕೊನೆಯ ಭಾಗವನ್ನೇ ಬಿಟ್ಟು, ಸ್ವಲ್ಪ ಮುಂಚೆ ಮುಗಿಸಿಬಿಟ್ಟ. ಕಾಫ್ಕಾನ ಮೂರನೆಯ ಕಾದಂಬರಿಗೆ 'ಅಮೆರಿಕ' ಅಂತ ಹೆಸರಿಟ್ಟವನೂ ಅವನೇ.

ನನ್ನ ಜೊತೆ ಓದಿದವರಲ್ಲಿ ಬ್ರೋಡ್‌ನನ್ನು ಬಯ್ಯುವುದೊಂದು ಫ್ಯಾಷನ್ ಆಗಿತ್ತು. ನಾನು ಬಯ್ಯುವುದಿಲ್ಲ. ಹೊರಗಿನವರಿಗೆ ಹೆಚ್ಚು ಗೊತ್ತಿಲ್ಲದ, ತೀರಿಹೋದ ಲೇಖಕನ 16 ಕಟ್ಟು ಹಾಳೆಯನ್ನು 1925ರಲ್ಲಿ ಯಾರು ಅಚ್ಚು ಹಾಕುತ್ತಿದ್ದರು? ಕಾದಂಬರಿಯ ಹಾಗೆ ಕಾಣಿಸಿದರೆ ತಾನೇ ಕಾದಂಬರಿ ಅಂತ ಓದುವುದು. 1939ರ ಮಾರ್ಚ್‌ನಲ್ಲಿ ಹಿಟ್ಲರನ ಸೈನ್ಯ ಪ್ರಾಗ್‌ಗೆ ನುಗ್ಗುವ ಹೊತ್ತಿಗೆ ಇದೇ ಮನುಷ್ಯ ಕಾಫ್ಕಾನ ಕಾಗದಗಳನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ರೈಲು ಹತ್ತಿದ್ದ. ಆದರೆ ಅವನ ವ್ಯಾಖ್ಯಾನದ ಬಗ್ಗೆ ನನಗೆ ತಕರಾರಿದೆ. ಒಂದರಲ್ಲಿ ನ್ಯಾಯಾಲಯ, ಇನ್ನೊಂದರಲ್ಲಿ ಕೋಟೆ, ಎರಡೂ ದೇವರ ಎರಡು ಮುಖ ಅಂತ ಬ್ರೋಡ್ ವಾದಿಸಿದ. ಇಂಗ್ಲಿಷ್ ಓದುಗರು ಬಹಳ ಕಾಲ ಆ ಕನ್ನಡಕದಲ್ಲೇ ಓದಿದರು.

ಯಾಕಂದರೆ ಇಂಗ್ಲಿಷಿಗೆ ತಂದವರು ಸ್ಕಾಟ್ಲೆಂಡಿನ ಎಡ್ವಿನ್ ಮ್ಯೂರ್ ಮತ್ತು ವಿಲ್ಲಾ ಮ್ಯೂರ್ ದಂಪತಿ. 'ದಿ ಕ್ಯಾಸಲ್' 1930ರಲ್ಲಿ, 'ದಿ ಟ್ರಯಲ್' 1937ರಲ್ಲಿ. ಅವರ ಮುಂದೆ ಇದ್ದದ್ದು ಬ್ರೋಡ್ ಅಚ್ಚು ಹಾಕಿಸಿದ ಜರ್ಮನ್ ಪಠ್ಯ ಒಂದೇ. ಎಡ್ವಿನ್ ತಮ್ಮ ಮುನ್ನುಡಿಯಲ್ಲಿ ಅದೇ ಧಾರ್ಮಿಕ ಅರ್ಥ ಹಿಡಿದು ಹೊರಟರು. ಹೆಸರು ಹೆಚ್ಚು ಬಂದದ್ದೂ ಅವರಿಗೇ. ಆದರೆ ಕೆಲಸದ ಬಹುಪಾಲು ತನ್ನದು ಅಂತ ವಿಲ್ಲಾ ತನ್ನ ಡೈರಿಯಲ್ಲಿ ಬರೆದುಕೊಂಡಿದ್ದಾಳೆ. ಗಂಡ ಕವಿಯಾದರೆ ಹೆಂಡತಿಯ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ವಿಷಯದಲ್ಲಿ ನಮ್ಮೂರೂ ಒಂದೇ, ಲಂಡನ್ನೂ ಒಂದೇ. ಅವರ ಇಂಗ್ಲಿಷ್ ಈಗಲೂ ಸೊಗಸು, ಸರಾಗವಾಗಿ ಓದಿಸಿಕೊಳ್ಳುತ್ತದೆ. ತೊಂದರೆ ಇರುವುದೂ ಅಲ್ಲೇ. ಕಾಫ್ಕಾ ಅಷ್ಟು ಸರಾಗ ಅಲ್ಲ.

ಈಗ ಹಸ್ತಪ್ರತಿಯ ಕಥೆ. ಬ್ರೋಡ್ ಅದನ್ನು ಪ್ಯಾಲೆಸ್ಟೈನ್‌ಗೆ ಒಯ್ದ. 1956ರ ಸುಯೆಜ್ ಕಾಲುವೆಯ ಯುದ್ಧದ ಗಲಾಟೆಯಲ್ಲಿ ಭಯವಾಗಿ ಎಲ್ಲ ಜ್ಯೂರಿಕ್‌ನ ಬ್ಯಾಂಕ್ ತಿಜೋರಿ ಸೇರಿತು. ಅದರಲ್ಲಿ ಕಾಫ್ಕಾನ ಸೋದರ ಸೊಸೆಯರಿಗೆ ಸೇರಬೇಕಾದ ಪಾಲನ್ನು 1961ರಲ್ಲಿ ಆಕ್ಸ್‌ಫರ್ಡ್‌ಗೆ ತಂದವರು ಅಲ್ಲಿನ ಜರ್ಮನ್ ಮೇಷ್ಟ್ರು ಪ್ಯಾಸ್ಲಿ. ತಮ್ಮ ಚಿಕ್ಕ ಕಾರಿನಲ್ಲೇ ಹಾಕಿಕೊಂಡು ಬಂದರಂತೆ. ಈಗಿನ ಕಾಲದ ಗ್ರಂಥಪಾಲಕರು ಕೇಳಿದರೆ ಎದೆ ಒಡೆದುಕೊಳ್ಳುತ್ತಾರೆ. 'ದಿ ಟ್ರಯಲ್' ಮಾತ್ರ ಆ ಪಾಲಿನಲ್ಲಿ ಇರಲಿಲ್ಲ. ಅದು ಬ್ರೋಡ್‌ನ ಸ್ವಂತದ್ದು, ಅವನು ತನ್ನ ಕಾರ್ಯದರ್ಶಿಗೆ ಕೊಟ್ಟಿದ್ದ. 1988ರಲ್ಲಿ ಲಂಡನ್‌ನ ಹರಾಜಿನಲ್ಲಿ ಹತ್ತು ಲಕ್ಷ ಪೌಂಡಿಗೆ ಹೋಯಿತು. ಕೊಂಡದ್ದು ಮಾರ್ಬಾಖ್‌ನ ಜರ್ಮನ್ ಸಾಹಿತ್ಯ ದಾಖಲಾಗಾರ. ಬ್ರೋಡ್‌ನ ಉಳಿದ ಕಾಗದಪತ್ರಕ್ಕಾಗಿ ಇಸ್ರೇಲ್‌ನಲ್ಲಿ ನಡೆದ ಕೇಸು ಮುಗಿದದ್ದು 2016ರಲ್ಲಿ. ಮುಗಿಯದ ಮೊಕದ್ದಮೆಯ ಬಗ್ಗೆ ಬರೆದವನ ಹಾಳೆಗಳಿಗೆ ತಕ್ಕ ಗತಿ.

ಮಾರ್ಬಾಖ್ ನಾನಿರುವ ಸ್ಟುಟ್‌ಗಾರ್ಟ್‌ನಿಂದ ಲೋಕಲ್ ರೈಲಿನಲ್ಲಿ ಅರ್ಧ ಗಂಟೆ. ಕವಿ ಶಿಲ್ಲರ್ ಹುಟ್ಟಿದ ಊರು. ಅಲ್ಲಿನ ಮ್ಯೂಸಿಯಂನಲ್ಲಿ ಈ ಹಾಳೆಗಳನ್ನು ನೋಡಿದ್ದೇನೆ. ಕಾಗದ ಹಾಳಾಗಬಾರದು ಅಂತ ದೀಪ ಮಂದವಾಗಿ ಇಟ್ಟಿರುತ್ತಾರೆ. ಗಾಜಿಗೆ ಮೂಗು ತಾಗಿಸಿ ನೋಡಬೇಕು. ಬಲಕ್ಕೆ ವಾಲಿದ ಅಕ್ಷರ, ಅವಸರದ ಕೈ. ಒಂದು ಸಾಲು ಬರೆದು, ಹೊಡೆದುಹಾಕಿ, ಅದರ ಮೇಲೆಯೇ ಇನ್ನೊಂದು. ಈ ಸೀಮೆಯಲ್ಲಿ ಓಡಾಡುವಾಗ ಇನ್ನೊಬ್ಬರೂ ನೆನಪಾಗುತ್ತಾರೆ. ಮಂಗಳೂರಿನಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದ ಕಿಟೆಲ್ ಕೊನೆಯ ವರ್ಷಗಳನ್ನು ಕಳೆದದ್ದು ಇಲ್ಲೇ ಹತ್ತಿರದ ಟ್ಯೂಬಿಂಗನ್‌ನಲ್ಲಿ. ಜರ್ಮನ್ನರ ಈ ಗ್ರಂಥಸಂಪಾದನೆಯ ಹುಚ್ಚು ನಮಗೆ ಹೊಸದೇನಲ್ಲ.

ಪ್ಯಾಸ್ಲಿ ಮತ್ತು ಸಂಗಡಿಗರು ಹಸ್ತಪ್ರತಿಗಳನ್ನು ಮುಂದಿಟ್ಟುಕೊಂಡು ಹೊಸ ಆವೃತ್ತಿ ಸಿದ್ಧಪಡಿಸಿದರು. 'ದಿ ಕ್ಯಾಸಲ್' 1982ರಲ್ಲಿ, 'ದಿ ಟ್ರಯಲ್' 1990ರಲ್ಲಿ ಬಂತು. ಒಂದು ಸಂಪುಟದಲ್ಲಿ ಪಾಠ, ಇನ್ನೊಂದರಲ್ಲಿ ಪಾಠಾಂತರ. ಪ್ಯಾಸ್ಲಿ ಹಾಕಿದ ಲೆಕ್ಕ ನೋಡಿದರೆ ಖುಷಿಯಾಗುತ್ತದೆ. ಕಾಫ್ಕಾನ ಬರಹ ಒಮ್ಮೆ ಬಿಡಿಬಿಡಿ, ಒಮ್ಮೆ ಒತ್ತೊತ್ತು. ಪುಟಕ್ಕೆ ಸರಾಸರಿ ಎಷ್ಟು ಪದ ಹಿಡಿದಿದೆ ಅಂತ ಎಣಿಸಿ, ಯಾವ ಹಾಳೆ ಯಾವ ಹಾಳೆಯ ಆಸುಪಾಸಿನಲ್ಲಿ ಬರೆದದ್ದು ಅಂತ ಅಂದಾಜು ಮಾಡಿದರು. ಅದಕ್ಕೂ ಮೊದಲು, 1950ರ ದಶಕದಲ್ಲಿ, ಹರ್ಮನ್ ಯೂಟರ್‌ಸ್ಪ್ರೊಟ್ ಎಂಬ ಬೆಲ್ಜಿಯಂನ ಪ್ರಾಧ್ಯಾಪಕರು ಕಥೆಯೊಳಗಿನ ಹವಾಮಾನ ಹಿಡಿದು ಹೊರಟಿದ್ದರು. ವಕೀಲನ ಅಧ್ಯಾಯದಲ್ಲಿ ಹಿಮ ಬೀಳುತ್ತಿದೆ, ಚರ್ಚಿನ ಅಧ್ಯಾಯದಲ್ಲಿ ಇನ್ನೂ ಶರತ್ಕಾಲ. ಹಾಗಾದರೆ ಚರ್ಚು ಮೊದಲು ಬರಬೇಕಲ್ಲ ಅಂದರು. ವಿದ್ವಾಂಸರು ಹೆಚ್ಚಿನವರು ಒಪ್ಪಲಿಲ್ಲ. ಪ್ಯಾಸ್ಲಿಯೂ ಚರ್ಚನ್ನು ಕೊನೆಯ ಅಧ್ಯಾಯಕ್ಕೆ ಮುಂಚೆಯೇ ಉಳಿಸಿಕೊಂಡರು. ಆದರೆ ಮಳೆ ಹಿಮ ನೋಡಿಕೊಂಡು ಅಧ್ಯಾಯ ಜೋಡಿಸುವ ಓದು ಇದೆಯಲ್ಲ, ಅದು ನನಗಿಷ್ಟ. ಅನುವಾದಕ ಹಾಗೇ ಓದಬೇಕು.

ಆಮೇಲೆ ರೋಲಾಂಡ್ ರೋಯ್ಸ್ ಬಂದರು. ಇದು ಕಾದಂಬರಿಯೇ ಅಲ್ಲ, ನೀವು ಕ್ರಮ ಕೊಟ್ಟರೆ ಅದೂ ಸುಳ್ಳೇ ಅಂದರು. 1997ರಲ್ಲಿ ಅವರೂ ಪೇಟರ್ ಶ್ಟೆಂಗ್ಲೆಯೂ ಹೊರತಂದ ಆವೃತ್ತಿಯಲ್ಲಿ ಬೈಂಡು ಮಾಡಿದ ಪುಸ್ತಕವೇ ಇಲ್ಲ. ಒಂದು ಪೆಟ್ಟಿಗೆ, ಅದರಲ್ಲಿ ಬಿಡಿಬಿಡಿ 16 ತೆಳು ಪುಸ್ತಿಕೆ. ತೆರೆದರೆ ಒಂದು ಬದಿಗೆ ಹಸ್ತಪ್ರತಿಯ ಫೋಟೋ, ಎದುರಿಗೆ ಸಾಲಿಗೆ ಸಾಲು ಅಚ್ಚಿನ ಅಕ್ಷರ. ಹೊಡೆದುಹಾಕಿದ್ದನ್ನೂ ಹಾಗೇ ಅಚ್ಚು ಮಾಡಿದ್ದಾರೆ. ಯಾವುದನ್ನು ಮೊದಲು ಓದುತ್ತೀಯೋ ಓದು. ಮನೆಯಲ್ಲಿ ಕೂತು ಓದುವ ಪುಸ್ತಕವಲ್ಲ ಬಿಡು, ಬೆಲೆಯೂ ಹಾಗೇ ಇದೆ. ಆದರೂ ಅನುಮಾನ ಬಂದಾಗ ಹೋಗಿ ನೋಡಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಲೈಬ್ರರಿಯಲ್ಲಿ ಹುಡುಕುವಾಗ ಎಚ್ಚರ: ಬ್ರೋಡ್, ಪ್ಯಾಸ್ಲಿ, ರೋಯ್ಸ್ ಮೂವರೂ ಶೀರ್ಷಿಕೆಯ ಕಾಗುಣಿತವನ್ನು ಮೂರು ಥರ ಬರೆದಿದ್ದಾರೆ.

ಕಾಫ್ಕಾ ಬಗ್ಗೆ ವಿಶ್ವವಿದ್ಯಾಲಯಗಳಲ್ಲಿ ಬಂದಿರುವ ಮಿಕ್ಕ ಸಂಶೋಧನೆ ಓದಬೇಕಾ ಅಂತಲೂ ಕೇಳಿದ್ದೀಯ. ಬೇಡ. ಅಪ್ಪ-ಮಗನ ಜಗಳ, ಯಹೂದಿ ಧರ್ಮ, ಅಧಿಕಾರಶಾಹಿ, ಮನೋವಿಶ್ಲೇಷಣೆ, ಎಲ್ಲದರ ಮೇಲೂ ಕಪಾಟುಗಟ್ಟಲೆ ಇದೆ. ಅದಕ್ಕೆ ಇಳಿದರೆ ಅನುವಾದಕ್ಕೆ ಈ ಜನ್ಮ ಸಾಲದು. ಸಂಪಾದಕರ ಕೆಲಸ ಓದು, ಸಾಕು. ಅರ್ಥ ಹೇಳುವವರಿಗಿಂತ ಅಲ್ಪವಿರಾಮ ಎಣಿಸುವವರು ನಿನಗೆ ಜಾಸ್ತಿ ಉಪಕಾರ ಮಾಡುತ್ತಾರೆ.

ಇಂಗ್ಲಿಷಿನಲ್ಲಿ ಮುಂದಿಟ್ಟುಕೊಳ್ಳಬೇಕಾದದ್ದು ಬ್ರಿಯನ್ ಮಿಚೆಲ್ ಅವರ 1998ರ ಅನುವಾದ. ಅವರು ಪ್ಯಾಸ್ಲಿಯ ಪಾಠ ಹಿಡಿದು ಮಾಡಿದ್ದಾರೆ, ಅಪೂರ್ಣ ಭಾಗಗಳನ್ನು ಕೊನೆಗೆ ಕೊಟ್ಟಿದ್ದಾರೆ. ಗುಂಟರ್ ಗ್ರಾಸ್‌ನ 'ದಿ ಟಿನ್ ಡ್ರಮ್' ಅನ್ನು 2009ರಲ್ಲಿ ಮತ್ತೆ ಇಂಗ್ಲಿಷಿಗೆ ತಂದವರೂ ಅವರೇ. ಗ್ರಾಸ್ ತನ್ನ ಅನುವಾದಕರನ್ನೆಲ್ಲ ಒಂದೆಡೆ ಸೇರಿಸಿ ದಿನಗಟ್ಟಲೆ ಪುಟ ಪುಟವಾಗಿ ಚರ್ಚಿಸುತ್ತಿದ್ದ. ಈ ಪುಸ್ತಕಕ್ಕಂತೂ ಅವರನ್ನು ಕಥೆ ನಡೆಯುವ ಊರಿಗೇ, ಗ್ದಾನ್ಸ್ಕ್‌ಗೇ ಕರೆಸಿಕೊಂಡಿದ್ದ. ಕಾಫ್ಕಾನ ಅನುವಾದಕರಿಗೆ ಆ ಪುಣ್ಯ ಎಲ್ಲಿ!

ಒಂದು ಮಾತು ನಿನಗೆ ಧೈರ್ಯ ಕೊಡಬಹುದು. ಜರ್ಮನ್‌ನ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಏನಾಯಿತು ಅಂತ ತಿಳಿಯಲು ಓದುಗ ಕಾಯಬೇಕು. ಕಾಫ್ಕಾ ಈ ಕಾಯಿಸುವಿಕೆಯನ್ನು ಚೆನ್ನಾಗಿ ಬಳಸುತ್ತಾನೆ. ಇಂಗ್ಲಿಷಿನವರು ಇದಕ್ಕೆ ಬೆವರು ಹರಿಸುತ್ತಾರೆ, ನಮಗೆ ಅದು ಹುಟ್ಟಿನಿಂದಲೇ ಬಂದದ್ದು. ಆದರೆ ಅವನ ವಾಕ್ಯ ಹೆಸರು ಹೇಳಿದ ಮೇಲೆ ವಿವರ ಸೇರಿಸುತ್ತಾ ಮುಂದೆ ಹೋಗುತ್ತದೆ, ನಮ್ಮದು ವಿವರವನ್ನೆಲ್ಲ ಹೆಸರಿಗಿಂತ ಮೊದಲೇ ಹೇರುತ್ತದೆ. ಎಚ್ಚರ ತಪ್ಪಿದರೆ 'ಇದ್ದ', 'ಆಗಿದ್ದ', 'ಹೇಳಲಾಗಿದ್ದ' ಸಾಲುಗಟ್ಟಿ ಸರ್ಕಾರಿ ಸುತ್ತೋಲೆ ಆಗಿಬಿಡುತ್ತದೆ. ಕಚೇರಿ ಭಾಷೆ ಸ್ವಲ್ಪ ಇರಲಿ, ಅವನೂ ವಿಮಾ ಕಚೇರಿಯಲ್ಲಿ ಕೆಲಸ ಮಾಡಿದವನೇ. ಉಸಿರು ಕಟ್ಟದಿದ್ದರೆ ಸಾಕು. ಮತ್ತೆ, ಓದುಗರಿಗೆ ಕಷ್ಟ ಅಂತ ವಾಕ್ಯ ತುಂಡು ಮಾಡಬೇಡ. ಆ ಉಪಕಾರ ಬ್ರೋಡ್ ಒಮ್ಮೆ ಮಾಡಿ ಆಗಿದೆ.

ಇನ್ನು ಕಾನೂನು. ಕಾಫ್ಕಾನ ಜರ್ಮನ್ ಬರಹ ಕೃತಿಸ್ವಾಮ್ಯದಿಂದ ಮುಕ್ತ, ಆದರೆ ಇಂಗ್ಲಿಷ್ ಅನುವಾದಗಳು ಮುಕ್ತವಲ್ಲ. ಮಿಚೆಲ್ ಅವರದಕ್ಕೆ ಪ್ರಕಾಶಕರ ಅನುಮತಿ ಬೇಕು. ಮ್ಯೂರ್ ದಂಪತಿಯದೂ ಹಳೆಯದು ಅಂತ ಸುಮ್ನೆ ಬಳಸುವ ಹಾಗಿಲ್ಲ. ವಿಲ್ಲಾ ತೀರಿಕೊಂಡದ್ದು 1970ರಲ್ಲಿ, ನಮ್ಮ ದೇಶದಲ್ಲಿ ಹಕ್ಕು ಸಾವಿನ ನಂತರ 60 ವರ್ಷ. ಅಂದರೆ 2030 ಮುಗಿಯಬೇಕು. ಅದಕ್ಕೇ ನನ್ನ ಸಲಹೆ: ಇಬ್ಬರೂ ಸೇರಿ ಜರ್ಮನ್‌ನಿಂದಲೇ ಮಾಡೋಣ. ನಾನು ವಾಕ್ಯ ವಾಕ್ಯವಾಗಿ ಒರಟು ಕನ್ನಡದಲ್ಲಿ ಕೊಡುತ್ತೇನೆ, ನೀನು ಅದನ್ನು ಓದುವ ಕನ್ನಡ ಮಾಡು. ಅನುಮಾನ ಬಂದ ಕಡೆ ಮಿಚೆಲ್ ಏನು ಮಾಡಿದ್ದಾರೆ ಅಂತ ನೋಡೋಣ. ಜರ್ಮನ್‌ನಿಂದ ಮಾಡಿದ ಅನುವಾದಕ್ಕೆ ಗೊಯೆಥೆ ಇನ್‌ಸ್ಟಿಟ್ಯೂಟ್ ಪ್ರಕಾಶಕರಿಗೆ ಧನಸಹಾಯ ಕೊಡುವ ಯೋಜನೆಯೂ ಇದೆ. ಬೆಂಗಳೂರಿಗೆ ಹೋದಾಗ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ವಿಚಾರಿಸು.

ಪರೀಕ್ಷೆಗೆ ಒಂದು ಚಿಕ್ಕ ಅಧ್ಯಾಯದಿಂದ ಶುರು ಮಾಡೋಣ. ಬ್ಯಾಂಕಿನ ಸಾಮಾನು ಕೋಣೆಯಲ್ಲಿ ಇಬ್ಬರು ಕಾವಲುಗಾರರಿಗೆ ಏಟು ಬೀಳುತ್ತಿರುತ್ತದೆ, ಮರುದಿನ ಬಾಗಿಲು ತೆಗೆದರೆ ಅದೇ ದೃಶ್ಯ ಹಾಗೇ ಇರುತ್ತದಲ್ಲ, ಅದು. ಬ್ರೋಡ್ ಲೆಕ್ಕದಲ್ಲೂ ಐದನೆಯದು, ಪ್ಯಾಸ್ಲಿ ಲೆಕ್ಕದಲ್ಲೂ ಐದನೆಯದು. ಅದರ ಬಗ್ಗೆ ಅವರಿಬ್ಬರಿಗೂ ಜಗಳ ಇಲ್ಲ. ಮುಂದಿನ ವಾರ ನನ್ನ ಒರಟು ಕನ್ನಡ ಕಳಿಸ್ತೀನಿ. ಬಯ್ಯದೆ ತಿದ್ದು.

ಅಮ್ಮನಿಗೆ ನಮಸ್ಕಾರ ಹೇಳು.

ಇಂತಿ ನಿನ್ನ ಗೆಳೆಯ