ಕಪ್ಪು ಸ್ಟಾಕ್ ಇದ್ದ ಮಾತ್ರಕ್ಕೆ ಸೇನೆಯ ಕೋವಿಯಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಆಫ್ರಿಕಾದ ಕಾಡೆಮ್ಮೆ ಬೇಟೆಯ ಲೇಖನದ ಜೊತೆ ಬಂದ ಚಿತ್ರಕ್ಕೆ ‘ಸೇನಾ ರೈಫಲ್ ಹಿಡಿದ ಬೇಟೆಗಾರ’ ಎಂಬ ಅಡಿಬರಹವಿತ್ತು. ಚಿತ್ರದಲ್ಲಿರುವುದು ಸೇನಾ ರೈಫಲ್ ಅಲ್ಲ. ಒಂದೊಂದು ಗುಂಡಿಗೂ ಕೈಯಿಂದಲೇ ಬೋಲ್ಟ್ ಎಂಬ ಅಗುಳಿ ಎಳೆದು ತಳ್ಳಬೇಕಾದ, ದೊಡ್ಡ ಪ್ರಾಣಿಗೆಂದೇ ಹೇಳಿ ಮಾಡಿಸಿದ ಬೇಟೆ ರೈಫಲ್. ಅದರ ಮರದ ಸ್ಟಾಕ್ ಬಿಚ್ಚಿ, ಸೇನೆಯ ಸ್ನೈಪರ್ ರೈಫಲ್‌ಗಳಿಗೆ ಇರುವಂಥ ಕಪ್ಪು ಸ್ಟಾಕ್ ಕೂರಿಸಿದ್ದಾರೆ. ಸ್ಟಾಕ್ ಎಂದರೆ ಹೆಗಲಿಗೆ ಒತ್ತುವ ಬಟ್ಟಿನಿಂದ ಹಿಡಿದು ನಳಿಕೆಯ ಕೆಳಗೆ ಎಡಗೈ ಊರುವ ಜಾಗದವರೆಗಿನ ಇಡೀ ಭಾಗ. ಅದು ಬದಲಾದರೆ ಕೋವಿಯ ಜಾತಿ ಬದಲಾಗುವುದಿಲ್ಲ. ಆದರೆ ಭಾರಿ ತೋಟಾದ ರೈಫಲ್‌ನಲ್ಲಿ ಬೇರೆ ಹಲವು ಸಂಗತಿ ಬದಲಾಗುತ್ತವೆ. ಲೇಖನ ಅವನ್ನು ಮುಟ್ಟಿಲ್ಲವಾದ್ದರಿಂದ ಈ ಪತ್ರ.

ಸೇನೆಗೂ ಬೇಟೆಗೂ ಈ ಕೊಡುಕೊಳೆ ನೂರು ವರ್ಷಕ್ಕೂ ಹಳೆಯದು. ಜರ್ಮನ್ ಸೇನೆ 1898ರಲ್ಲಿ ಒಪ್ಪಿಕೊಂಡ ಮೌಸರ್ ರೈಫಲ್‌ನ ಆ್ಯಕ್ಷನ್ನನ್ನೇ (ತೋಟಾ ನೂಕಿ, ಬಿಗಿದು, ಖಾಲಿ ಖೋಲು ಹೊರಹಾಕುವ ಯಂತ್ರಭಾಗ) ಉದ್ದ ಮಾಡಿಸಿಕೊಂಡು ಲಂಡನ್ನಿನ ರಿಗ್ಬಿ ಕಂಪನಿ 1911ರಲ್ಲಿ .416 ರಿಗ್ಬಿ ತೋಟಾದ (ಚುಕ್ಕಿಯ ಅಂಕಿ ಇಂಚಿನಲ್ಲಿ ಗುಂಡಿನ ಅಂದಾಜು ವ್ಯಾಸ) ಬೇಟೆ ರೈಫಲ್ ಹೊರತಂದಿತು. ಆಮೇಲೆ ಅದೇ .416 ರಿಗ್ಬಿಯ ಹಿತ್ತಾಳೆ ಖೋಲನ್ನು ಆಧಾರವಾಗಿಟ್ಟುಕೊಂಡು, ಅದರ ಗೋಡೆ ಗಟ್ಟಿ ಮಾಡಿ, ಇಂದಿನ ಸ್ನೈಪರ್‌ಗಳ .338 ಲಪುವಾ ತೋಟಾ ಹುಟ್ಟಿತು. ನಮ್ಮ ದೇಶದಲ್ಲೂ ನೋಡಿ: ಇಶಾಪುರ ಕಾರ್ಖಾನೆಯ .315 ಸ್ಪೋರ್ಟಿಂಗ್ ರೈಫಲ್‌ನ ಒಡಲು ಲೀ-ಎನ್‌ಫೀಲ್ಡ್ ಮಾದರಿಯದ್ದು, ಅಂದರೆ ಅಪ್ಪಟ ಸೇನೆಯದ್ದು. ತೋಟಾ ಮತ್ತು ಮರ ಮಾತ್ರ ನಾಗರಿಕರದ್ದು. ಅದನ್ನು ಯಾರೂ ಸೇನಾ ರೈಫಲ್ ಎನ್ನುವುದಿಲ್ಲ, ಏಕೆಂದರೆ ಮರ ಕಂದು ಬಣ್ಣದ್ದು!

ಸೇನೆ ಮರ ಬಿಟ್ಟದ್ದು ಚಂದಕ್ಕಲ್ಲ. ಅಮೆರಿಕದ ಮರೀನ್ ದಳ 1966ರಲ್ಲಿ ತೆಗೆದುಕೊಂಡ ಎಂ40 ಸ್ನೈಪರ್ ರೈಫಲ್‌ಗೆ ಮರದ ಸ್ಟಾಕ್ ಇತ್ತು. ವಿಯೆಟ್ನಾಮಿನ ತೇವಕ್ಕೆ ಮರ ಉಬ್ಬಿ, ಸೊಟ್ಟಗಾಗಿ ನಳಿಕೆಗೆ ಒತ್ತತೊಡಗಿತು, ಗುರಿ ಹೊರಳಿತು. ಹಾಗಾಗಿ 1970ರ ದಶಕದ ಎಂ40ಎ1ಕ್ಕೆ ಮೆಕ್‌ಮಿಲನ್ ಕಂಪನಿಯ ಫೈಬರ್‌ಗ್ಲಾಸ್ ಸ್ಟಾಕ್ ಬಂತು. 1988ರ ಎಂ24ರ ಸ್ಟಾಕ್‌ನೊಳಗೆ ಅಲ್ಯೂಮಿನಿಯಂ ಅಚ್ಚು ಸೇರಿತು. ಬ್ರಿಟನ್ನಿನ ಎಲ್96 ಇನ್ನೂ ಮುಂದೆ ಹೋಗಿ, ಅಲ್ಯೂಮಿನಿಯಂ ಚೌಕಟ್ಟನ್ನೇ ಬೆನ್ನೆಲುಬು ಮಾಡಿ, ಎರಡೂ ಪಕ್ಕಕ್ಕೆ ಪ್ಲಾಸ್ಟಿಕ್ ಕವಚ ಬಿಗಿಯಿತು. ಇಂದು ‘ಸೇನಾ ಮಾದರಿ ಸ್ಟಾಕ್’ ಎಂದು ಬಿಕರಿಯಾಗುವುದು ಈ ಮೂರರಲ್ಲೊಂದರ ಸಂತಾನ.

ಇವೆಲ್ಲ ರೂಪುಗೊಂಡದ್ದು ಹೆಚ್ಚಾಗಿ ಮಲಗಿ ಹೊಡೆಯುವವರಿಗಾಗಿ, ಮಧ್ಯಮ ಒದೆತದ ತೋಟಾಗಳಿಗಾಗಿ. ಕಾಡೆಮ್ಮೆಗೆ ಬಳಸುವ ತೋಟಾದ ಲೆಕ್ಕವೇ ಬೇರೆ. ಸಾಮಾನ್ಯ .30-06 ರೈಫಲ್ ಸುಮಾರು 11.7 ಗ್ರಾಂ ಗುಂಡನ್ನು ಸೆಕೆಂಡಿಗೆ 820 ಮೀಟರ್ ವೇಗದಲ್ಲಿ ಕಳಿಸುತ್ತದೆ. .375 ಹಾಲೆಂಡ್ ಅಂಡ್ ಹಾಲೆಂಡ್‌ನ ಗುಂಡು 19.4 ಗ್ರಾಂ, ವೇಗ ಸುಮಾರು 770 ಮೀಟರ್. .416 ರಿಗ್ಬಿಯದ್ದು 26.6 ಗ್ರಾಂ, 720 ಮೀಟರ್. ಮದ್ದಿನ ಹೊಗೆಯ ತಳ್ಳಾಟವನ್ನೂ ಸೇರಿಸಿ ಲೆಕ್ಕ ಹಾಕಿದರೆ, 3.6 ಕಿಲೋ ತೂಕದ .30-06ರ ಒದೆತ ಸುಮಾರು 30 ಜೂಲ್, 4.1 ಕಿಲೋದ .375ರದ್ದು 55ರ ಆಸುಪಾಸು, 4.5 ಕಿಲೋದ .416ರದ್ದು 80 ದಾಟುತ್ತದೆ. ಅಂದರೆ ರೈಫಲ್ ಸೆಕೆಂಡಿಗೆ ಆರು ಮೀಟರ್ ವೇಗದಲ್ಲಿ ಹಿಂದಕ್ಕೆ ನುಗ್ಗುತ್ತದೆ. ಹೆಗಲಿಗೆ ಬಡಿಯುವ ಮೊದಲು ಈ ಹೊಡೆತವನ್ನೆಲ್ಲ ಉಣ್ಣುವುದು ಸ್ಟಾಕ್.

ಸ್ಟಾಕ್ ಎಲ್ಲಿ ಸೀಳುತ್ತದೆ ಎಂಬುದು ಈ ಕೆಲಸ ಬಲ್ಲವರಿಗೆಲ್ಲ ಗೊತ್ತು: ಆ್ಯಕ್ಷನ್‌ನ ಬಾಲದ ಹಿಂದೆ, ಹೆಬ್ಬೆರಳು ಸುತ್ತುವ ಸಪೂರ ಜಾಗದಲ್ಲಿ. ಆ್ಯಕ್ಷನ್‌ನ ಮುಂಭಾಗದಡಿ ಲಗ್ ಎಂಬ ಒಂದು ಉಬ್ಬು ಇರುತ್ತದೆ. ಒದೆತವನ್ನೆಲ್ಲ ಹೊರಬೇಕಾದದ್ದು ಆ ಲಗ್‌ನ ಹಿಂಬದಿ. ಅದಕ್ಕೂ ಸ್ಟಾಕ್‌ಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಸಾಕು, ಆ್ಯಕ್ಷನ್ ಹಿಂದಕ್ಕೆ ಜಾರಿ ಅದರ ಬಾಲ ಬೆಣೆಯಂತೆ ಮರಕ್ಕೆ ಇರಿಯುತ್ತದೆ. ಹತ್ತಿಪ್ಪತ್ತು ಗುಂಡಿನಲ್ಲೇ ಕೂದಲು ಬಿರುಕು ಕಾಣಿಸಬಹುದು. ಹಾಗಾಗಿ ಬಾಲದ ಹಿಂದೆ ಬೇಕೆಂದೇ 0.5ರಿಂದ 0.8 ಮಿಲಿಮೀಟರ್ ಜಾಗ ಬಿಡುತ್ತಾರೆ. ನೋಡಿದವರು ‘ಕೆಲಸ ಒರಟಾಗಿದೆ, ಸಂದು ಕಾಣುತ್ತಿದೆ’ ಎಂದು ಮೂಗು ಮುರಿಯುತ್ತಾರೆ. ಅಲ್ಲಿ ಸಂದು ಕಾಣದಿದ್ದರೇ ಚಿಂತೆ ಮಾಡಬೇಕು.

ಲಗ್‌ ಕೂರುವ ಗುಳಿಗೆ ಉಕ್ಕಿನ ಪುಡಿ ಬೆರೆತ ಎಪಾಕ್ಸಿ ಅಂಟು ತುಂಬುವುದು ಈಗಿನ ಪದ್ಧತಿ. ಲಗ್‌ನ ಮುಂಬದಿ, ಎರಡು ಪಕ್ಕ, ತಳ ಇವಿಷ್ಟಕ್ಕೆ ಒಂದೆರಡು ಪದರ ಟೇಪ್ ಅಂಟಿಸಬೇಕು. ಹಿಂಬದಿ ಮಾತ್ರ ಬರಿದಾಗಿರಬೇಕು. ಎಪಾಕ್ಸಿ ಒಣಗಿ ಟೇಪ್ ಕಿತ್ತ ಮೇಲೆ ಹಿಂಬದಿಯೊಂದೇ ಒತ್ತಿ ಕೂರುತ್ತದೆ, ಉಳಿದ ಕಡೆ ಉಸಿರಾಡಲು ಜಾಗ ಇರುತ್ತದೆ. ಲೋಹಕ್ಕೆಲ್ಲ ಮೇಣ ಅಥವಾ ಬಿಡಿಸುವ ದ್ರವ ಸವರಿ, ಸ್ಕ್ರೂ ತೂತು, ಕುದುರೆಯ (ಟ್ರಿಗರ್) ಗೂಡು, ಮ್ಯಾಗಜಿನ್ (ತೋಟಾ ಪೆಟ್ಟಿಗೆ) ಸಂದುಗಳಿಗೆ ಜೇಡಿ ತುಂಬಬೇಕು. ಒಂದು ಸಂದು ಮರೆತರೂ ಎಪಾಕ್ಸಿ ಅಲ್ಲಿ ಹೊಕ್ಕು, ಲೋಹವನ್ನು ಹಿಡಿದುಕೊಂಡು, ಸ್ಟಾಕ್ ಒಡೆಯದೆ ಬಿಡಿಸಲಾಗದ ಸ್ಥಿತಿ ಬರುತ್ತದೆ. ಎಪಾಕ್ಸಿ ಗಟ್ಟಿಯಾಗುವ 24 ಗಂಟೆ ಸ್ಕ್ರೂಗಳು ಸುಮ್ಮನೆ ಹಿಡಿದಿರಬೇಕು, ಬಿಗಿಯಬಾರದು. ಬಿಗಿದರೆ ಆ್ಯಕ್ಷನ್ ಬಾಗಿದ ಸ್ಥಿತಿಯಲ್ಲೇ ಅಚ್ಚು ಬೀಳುತ್ತದೆ, ಮುಂದೆ ಪ್ರತಿ ಸಲ ಬಿಗಿದಾಗಲೂ ಮತ್ತೆ ಬಾಗುತ್ತದೆ. ಕೆಲಸ ಮುಗಿದ ಮೇಲೆ ಲಗ್‌ನ ಹಿಂಬದಿಗೆ ದೀಪದ ಮಸಿ ತೆಳ್ಳಗೆ ಸವರಿ, ಕೂರಿಸಿ ತೆಗೆದರೆ ಎಲ್ಲವೂ ಗೊತ್ತಾಗುತ್ತದೆ. ಮಸಿ ಎಪಾಕ್ಸಿಯ ಮುಖಕ್ಕೆಲ್ಲ ಸಮನಾಗಿ ಮೆತ್ತಬೇಕು. ಒಂದು ಮೂಲೆಗೆ ಮಾತ್ರ ಮೆತ್ತಿದ್ದರೆ ಆ ಕೆಲಸ ಮತ್ತೆ ಮಾಡಬೇಕು.

.375 ಮತ್ತು ಮೇಲಿನ ರೈಫಲ್‌ಗಳ ಮರದ ಸ್ಟಾಕ್‌ಗೆ ಇನ್ನೂ ಎರಡು ಅಡ್ಡ ಬೋಲ್ಟ್ (ಮರಕ್ಕೆ ಅಡ್ಡಲಾಗಿ ತೂರುವ ಉಕ್ಕಿನ ಸರಳು) ಬೇಕು: ಒಂದು ಲಗ್‌ನ ಹಿಂದೆ, ಇನ್ನೊಂದು ಮ್ಯಾಗಜಿನ್ನಿಗೂ ಕುದುರೆಗೂ ನಡುವೆ. ಹಲವು ರೈಫಲ್‌ಗಳಲ್ಲಿ ನಳಿಕೆಗೂ ಎರಡನೇ ಲಗ್ ಬೆಸೆದಿರುತ್ತಾರೆ. ಇಲ್ಲೇ ಸೇನಾ ಮಾದರಿ ಕೂರಿಸುವವರು ಎಡವುವುದು. ಸ್ನೈಪರ್ ಸ್ಟಾಕ್‌ನಲ್ಲಿ ನಳಿಕೆ ಎಲ್ಲೂ ತಾಗಬಾರದು, ಕೆಳಗಿನಿಂದ ಹತ್ತರ ನೋಟು ತೂರಿಸಿ ಎಳೆದರೆ ಸಲೀಸಾಗಿ ಓಡಬೇಕು. ಆ ಮಂತ್ರವನ್ನು ಎರಡು ಲಗ್‌ನ ರೈಫಲ್‌ಗೂ ಹಾಕಿ, ನಳಿಕೆಯ ಲಗ್‌ಗೆ ಗೂಡೇ ಇಲ್ಲದಂತೆ ಕೊರೆದುಬಿಟ್ಟರೆ, ಇಬ್ಬರು ಹೊರಬೇಕಾದ ಹೊರೆ ಒಬ್ಬನ ತಲೆಗೆ ಬಿದ್ದಂತೆ. ಆ ಲಗ್‌ಗೂ ಎಪಾಕ್ಸಿ ಗೂಡು ಕಟ್ಟಿ, ಅದರ ಮುಂದಿನ ನಳಿಕೆಯನ್ನಷ್ಟೇ ಬಿಡಿಸಿದರೆ ಸಾಕು.

ಸ್ಕ್ರೂ ಬಿಗಿತದ ವಿಷಯ ಚಿಕ್ಕದು, ಆದರೂ ಹೇಳಲೇಬೇಕು. ಅಲ್ಯೂಮಿನಿಯಂ ಅಚ್ಚಿರುವ ಸ್ಟಾಕ್‌ಗೆ ಸುಮಾರು 7.3 ನ್ಯೂಟನ್ ಮೀಟರ್ ನಡೆಯುತ್ತದೆ. ಬರಿ ಮರಕ್ಕೆ 4ರಿಂದ 5 ಸಾಕು, ಹೆಚ್ಚಾದರೆ ಮರ ಹಿಂಡುತ್ತದೆ. ವಿಂಚೆಸ್ಟರ್ ಮಾಡೆಲ್ 70ರಂಥ ಮೂರು ಸ್ಕ್ರೂವಿನ ರೈಫಲ್‌ನಲ್ಲಿ ನಡುವಿನದನ್ನು ಬೀಳದಷ್ಟು ಮಾತ್ರ ತಿರುಗಿಸಬೇಕು.

ಇನ್ನು ಆಕಾರ. ಸೇನಾ ಮಾದರಿ ಸ್ಟಾಕ್‌ನ ಬೆನ್ನು ನೇರ, ಕೆನ್ನೆ ಊರುವ ದಿಬ್ಬ ಎತ್ತರ. ಒದೆತ ನೇರ ಹಿಂದಕ್ಕೆ ಬರುವುದರಿಂದ ನಳಿಕೆಯ ಮೂತಿ ಕಡಿಮೆ ಹಾರುತ್ತದೆ, ಕೆನ್ನೆಗೆ ಏಟೂ ಕಡಿಮೆ. ಇದು ನಿಜವಾದ ಲಾಭ. ಆದರೆ ಆ ಎತ್ತರ ದುರ್ಬೀನಿಗೆ ಹೊಂದುವಂಥದ್ದು. ಗಾಯಗೊಂಡ ಕಾಡೆಮ್ಮೆಯ ಜಾಡಿನಲ್ಲಿ ಪೊದೆ ಹೊಗುವ ಮೊದಲೇ ಬೇಟೆಗಾರ ದುರ್ಬೀನು ಕಳಚಿ ನಳಿಕೆಯ ಮೇಲಿನ ಕಬ್ಬಿಣದ ಗುರಿಗೆ ಬರುತ್ತಾನೆ. ಅದು ಹದಿನೈದು ಮೀಟರ್ ದೂರದಲ್ಲಿ ಎದ್ದಾಗ ಕೆನ್ನೆ ಎಷ್ಟು ಒತ್ತಿದರೂ ಕಣ್ಣು ಅಷ್ಟು ಕೆಳಗಿಳಿಯುವುದಿಲ್ಲ. ದಿಬ್ಬ ಏರಿಳಿಸುವ ಸ್ಕ್ರೂ ಇದೆಯಲ್ಲ ಎನ್ನಬಹುದು. ಆ ಹೊತ್ತಿನಲ್ಲಿ ಸ್ಕ್ರೂ ತಿರುಗಿಸುತ್ತ ಕೂರುವವರಾರು?

ಪಿಸ್ತೂಲಿನಂತೆ ನೆಟ್ಟಗಿರುವ ಹಿಡಿಕೆ ಮಲಗಿ ಹೊಡೆಯುವವರಿಗೆ ಹಿತ. ನಿಂತು ಹೊಡೆದಾಗ .416ರ ಒದೆತಕ್ಕೆ ಕುದುರೆಯ ಕಾವಲು ಬಳೆ ನಡುಬೆರಳ ಗೆಣ್ಣಿಗೆ ಬಡಿಯುತ್ತದೆ. ಹೆಬ್ಬೆರಳು ತೂತಿನೊಳಗೆ ಸಿಕ್ಕುವ ಸ್ಟಾಕ್‌ನಲ್ಲಂತೂ ಪ್ರತಿ ಸಲ ಬೆರಳು ಬಿಡಿಸಿಕೊಂಡೇ ಬೋಲ್ಟಿಗೆ ಕೈ ಹಾಕಬೇಕು. ಎರಡನೇ ಗುಂಡು ಬೇಗ ಬೇಕಾದ ಬೇಟೆಗೆ ಇದು ದೊಡ್ಡ ನಷ್ಟ. ಹಳೆಯ ಇಂಗ್ಲಿಷ್ ಸ್ಟಾಕ್‌ನ ಓರೆ ಹಿಡಿಕೆ ಇಲ್ಲಿ ಈಗಲೂ ಮೇಲು.

ಪಟ್ಟಿ ಕಟ್ಟುವ ಮುಂದಿನ ಕೊಂಡಿಯನ್ನು ಸೇನಾ ಮಾದರಿಯಲ್ಲಿ ಎಡಗೈ ಊರುವ ಸ್ಟಾಕ್‌ಗೇ ಹಾಕಿರುತ್ತಾರೆ. ಭಾರಿ ರೈಫಲ್‌ನಲ್ಲಿ ಅದು ಒದೆತದ ಜೊತೆ ಹಿಂದೆ ಬಂದು ಅಂಗೈ ಹರಿಯುತ್ತದೆ. ಹಾಗಾಗಿಯೇ ಹಳಬರು ಅದನ್ನು ನಳಿಕೆಗೇ ಬಳೆ ಹಾಕಿ ಕೂರಿಸುತ್ತಿದ್ದರು.

ಕಳಚುವ ಮ್ಯಾಗಜಿನ್ ಇನ್ನೊಂದು ತೊಡಕು. ಮಾರುಕಟ್ಟೆಯ ಚೌಕಟ್ಟುಗಳು ಬಹುತೇಕ .308ಕ್ಕೆ, ಇಲ್ಲವೇ .338 ಲಪುವಾಕ್ಕೆ ಕೊರೆದವು. .308 ತೋಟಾದ ಉದ್ದ 71 ಮಿಲಿಮೀಟರ್, ಲಪುವಾದ್ದು 93.5, .375ರದ್ದು 91.4, .416 ರಿಗ್ಬಿಯದ್ದು 95.25. ಲಪುವಾ ಪೆಟ್ಟಿಗೆಗೆ .375 ಉದ್ದದಲ್ಲೇನೋ ಹಿಡಿಯುತ್ತದೆ, ಆದರೆ ಅದರ ಬುಡ ಸಣ್ಣದು, ಬುಡಕ್ಕೊಂದು ಪಟ್ಟಿ ಬೇರೆ ಇದೆ. ಪೆಟ್ಟಿಗೆಯ ತುಟಿ ಅದನ್ನು ಸರಿಯಾಗಿ ಹಿಡಿಯದೆ ತೋಟಾ ಮೂತಿ ಎತ್ತುತ್ತದೆ. ಮೌಸರ್ ಬೋಲ್ಟಿನ ಉಗುರು ತೋಟಾದ ಬುಡವನ್ನು ಕೆಳಗಿನಿಂದ ಏರುವಾಗಲೇ ಹಿಡಿದುಕೊಳ್ಳಬೇಕು. ತೋಟಾ ಅಡ್ಡಾದಿಡ್ಡಿ ಏರಿದರೆ ಉಗುರಿನ ಮೇಲೆ ಬಲವಂತ ಬಿದ್ದು ಅದು ಚೂರಾಗಬಹುದು. ಸಾಲದ್ದಕ್ಕೆ, ಮ್ಯಾಗಜಿನ್ ಕೊಕ್ಕೆ ಸ್ವಲ್ಪ ಸವೆದಿದ್ದರೂ ಒದೆತಕ್ಕೆ ಪೆಟ್ಟಿಗೆ ಕಾಲ ಮೇಲೆ ಬೀಳುತ್ತದೆ. ಉಳಿದ ತೋಟಾಗಳು ಪೆಟ್ಟಿಗೆಯ ಮುಂದಿನ ಗೋಡೆಗೆ ಬಡಿದು ಗುಂಡು ಖೋಲಿನೊಳಗೆ ಕುಸಿಯುವುದೂ ಉಂಟು. ಹೊಸ ರೈಫಲ್ ಪರೀಕ್ಷಿಸುವಾಗ ಕೊನೆಯ ತೋಟಾವನ್ನು ಹೊಡೆಯದೆ ಪೆಟ್ಟಿಗೆಯಲ್ಲೇ ಇಟ್ಟು, ಮೂರ್ನಾಲ್ಕು ಗುಂಡಿನ ನಂತರ ಅದರ ಉದ್ದ ಅಳೆದು ನೋಡಬೇಕು.

ಸೇನಾ ಸ್ಟಾಕ್ ಹಾಕಿಸಿದವರು ಜೊತೆಗೆ ಸೇನಾ ದುರ್ಬೀನನ್ನೂ ಏರಿಸುತ್ತಾರೆ. 900 ಗ್ರಾಂ ತೂಕದ ಆ ಕೊಳವೆ ಒದೆತದ ಕ್ಷಣ ಇದ್ದಲ್ಲೇ ಇರಲು ನೋಡುತ್ತದೆ, ಅಡಿಯ ಸಣ್ಣ 6-48 ಸ್ಕ್ರೂಗಳು ಕತ್ತರಿಸಿ ಹೋಗಬಹುದು. ಅವನ್ನು ದಪ್ಪದ 8-40ಕ್ಕೆ ಹಿಗ್ಗಿಸುವುದು ವಾಡಿಕೆ. ಕಣ್ಣಿನಿಂದ ದುರ್ಬೀನಿಗೆ 9 ಸೆಂಟಿಮೀಟರ್ ಅಂತರ ಇರದಿದ್ದರೆ ಹುಬ್ಬು ಸೀಳಬಹುದು. ತೂಕವೂ ಒಂದು ಮಾತು: ಅಲ್ಯೂಮಿನಿಯಂ ಚೌಕಟ್ಟು, ದಪ್ಪ ನಳಿಕೆ, ದುರ್ಬೀನು ಕೂಡಿ ಆರು ಕಿಲೋ ದಾಟಿದರೆ ಒದೆತ ತಗ್ಗುತ್ತದೆ, ನಿಜ. ಮುಳ್ಳುಪೊದೆಯಲ್ಲಿ ದಿನವಿಡೀ ಹೆಜ್ಜೆ ಜಾಡು ಹಿಡಿದು ನಡೆಯುವವರ ತೋಳು ಮಾತ್ರ ಬಿದ್ದುಹೋಗುತ್ತದೆ.

ನಮ್ಮ ಅಭಿಪ್ರಾಯ ಇಷ್ಟು: ಸೇನೆಯಿಂದ ಫೈಬರ್‌ಗ್ಲಾಸ್, ಎಪಾಕ್ಸಿ ಹಾಸು, ಅಲ್ಯೂಮಿನಿಯಂ ಅಚ್ಚು, ನೇರ ಬೆನ್ನು ಇವನ್ನು ತೆಗೆದುಕೊಳ್ಳಬಹುದು. ನೆಟ್ಟಗಿನ ಹಿಡಿಕೆ, ಕಳಚುವ ಮ್ಯಾಗಜಿನ್, ಕವಲುಗಾಲು (ರೈಫಲ್ ಮುಂದೆ ಊರುವ ಜೋಡಿ ಕಾಲು) ಇವು ಸೇನೆಗೇ ಇರಲಿ.

ಕಾನೂನಿನ ಬಗ್ಗೆಯೂ ಲೇಖನದಲ್ಲಿ ಗೊಂದಲವಿದೆ. ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಈಗ ಇಂಥ ರೈಫಲ್‌ಗೆ ಬೇಟೆಯ ಕೆಲಸವೇ ಇಲ್ಲ. ಕೊಡವರಿಗೂ ಜಮ್ಮಾ (ಕೊಡಗಿನ ಪಾರಂಪರಿಕ ಭೂಮಿ) ಹಿಡುವಳಿದಾರರಿಗೂ ಇರುವುದು ಕೋವಿ ಪರವಾನಗಿಯ ವಿನಾಯಿತಿ, ಬೇಟೆಯ ಅನುಮತಿಯಲ್ಲ. ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಿದ್ದು ಸರಿಯಲ್ಲ. ಜಿಂಬಾಬ್ವೆಯಂಥ ಕಡೆ ಕಾಡೆಮ್ಮೆ, ಆನೆಗಳಿಗೆ ನಿಯಮ ನೋಡುವುದು ಗುಂಡಿನ ವ್ಯಾಸ ಮತ್ತು ಶಕ್ತಿಯನ್ನು, ಸ್ಟಾಕ್‌ನ ಬಣ್ಣವನ್ನಲ್ಲ.

ಮುಂದಿನ ಸಲ ಇಂಥ ಚಿತ್ರ ಹಾಕುವಾಗ ‘ಬೋಲ್ಟ್ ಆ್ಯಕ್ಷನ್ ಬೇಟೆ ರೈಫಲ್’ ಎಂದು ಬರೆದರೆ ಸಾಕು. ಯಾವ ತೋಟಾ ಎಂದು ತಿಳಿಯಬೇಕಾದರೆ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ನೋಡಿ, ಸಾಮಾನ್ಯವಾಗಿ ನಳಿಕೆಯ ಬುಡದಲ್ಲಿ ಕೊರೆದಿರುತ್ತದೆ.

– ಇಬ್ಬರು ಓದುಗರು, ಮಡಿಕೇರಿ